ಗೈಶಿಯಾ ಯುದ್ಧ, ನೇರಳಕುಂಟೆ ಶಾಲೆಯಂಗಳದಲ್ಲಿ

ನೇರಳಕುಂಟೆ, ಟೇಕಲ್ ಹೋಬಳಿ
ಮಂಗಳವಾರ, ೧೮ ಫೆಬ್ರವರಿ ೨೦೨೫

ಪ್ರೀತಿಯ ಅಪ್ಪಾ,

ನಿಮ್ಮ ಪಾದ ಮುಟ್ಟಿಯೇ ಈ ಕಾಗದ ಶುರು ಮಾಡುತ್ತಿದ್ದೇನೆ. ಬೈಯುವುದೇನಿದ್ದರೂ ಕೊನೆಯವರೆಗೆ ಓದಿದ ಮೇಲೆ ಬೈಯಿರಿ. ಮಂಡಿನೋವು ಹೇಗಿದೆ? ಕುಪ್ಪಂ ಕಡೆ ಚಳಿ ಇಳಿದಿದೆ, ಬೆಳಗ್ಗೆ ಒಂದು ಸುತ್ತು ನಡೆದು ಬರುತ್ತೀರಿ ಎಂದು ಮುನಿಲಕ್ಷ್ಮಿ ಅಕ್ಕ ಫೋನಿನಲ್ಲಿ ಹೇಳಿದಳು. ಕಿವಿಯ ಮಿಷನ್ನನ್ನು ಮಾತ್ರ ಡಬ್ಬಿಯಿಂದ ಹೊರಗೆ ತೆಗೆದೇ ಇಲ್ಲವಂತೆ. ಅದರಲ್ಲಿ ಎಲ್ಲರ ಮಾತೂ ತಗಡು ಬಡಿದ ಹಾಗೆ ಕೇಳುತ್ತದೆ, ಶ್ರುತಿಯಿಲ್ಲದ್ದನ್ನು ಕೇಳುವುದಕ್ಕಿಂತ ಕಿವುಡಾಗಿರುವುದೇ ಮೇಲು ಎಂದಿರಂತೆ. ನಲವತ್ತು ವರ್ಷ ನಾಟಕದ ಮೇಷ್ಟ್ರಾಗಿದ್ದವರು ಇನ್ನೇನು ಹೇಳುತ್ತೀರಿ. ನಿಮ್ಮ ದಯೆಯಿಂದ ನನಗೆ ಕಾಗದ ಬರೆಯುವ ಅಭ್ಯಾಸವಾದರೂ ಉಳಿದಿದೆ. ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿಗಳಿಗೆ ಅಂಚೆ ಪೆಟ್ಟಿಗೆ ಎಲ್ಲಿದೆ ಎಂದು ಸಹ ಗೊತ್ತಿಲ್ಲ. ಅಮ್ಮನ ಸಕ್ಕರೆ ಎಷ್ಟಿದೆ ಎಂದು ಅಕ್ಕನ ಕೈಲಿ ಬರೆಸಿ ಕಳಿಸಿ. ಇಲ್ಲಿ ನಾವು ಚೆನ್ನಾಗಿದ್ದೇವೆ. ರಾಗಿ ಒಕ್ಕಣೆ ಮುಗಿದು ಮನೆ ಸೇರಿದೆ. ನಿಮ್ಮ ಅಳಿಯ ಕದಿರೇಶನಿಗೆ ಮಾಲೂರಿನ ಫ್ಯಾಕ್ಟರಿಯಲ್ಲಿ ಡಿಸೆಂಬರಿನಿಂದ ಬೆಳಗಿನ ಪಾಳಿ. ಸಂಜೆ ಹೊತ್ತು ಅವನು ಬಿಡುವಾಗಿದ್ದದ್ದು ನನಗೆ ಎಷ್ಟು ಉಪಕಾರವಾಯಿತು ಎಂಬುದು ಮುಂದೆ ಗೊತ್ತಾಗುತ್ತದೆ.

ಈಗ ಸುದ್ದಿ. ಮೊನ್ನೆ ಭಾನುವಾರ ನಮ್ಮೂರ ಶಾಲೆಗೆ ನೂರು ವರ್ಷ ತುಂಬಿದ ಸಮಾರಂಭ ನಡೆಯಿತು. ಅದರಲ್ಲಿ ನಾಟಕ ಆಡಿದರು. ಕಲಿಸಿದ್ದು ನಾನು. ಒಂಬತ್ತು ವರ್ಷದ ಹಿಂದೆ ಇದೇ ಶಾಲೆಯ ಜಗಲಿಯ ಮೇಲೆ ನಿಂತು ನೀವು, "ನಮ್ಮ ಮನೆಯೋರು ಇನ್ನ ಈ ಊರಲ್ಲಿ ನಾಟಕ ಕಲಿಸಲ್ಲ" ಎಂದಿದ್ದು ನಾನು ಮರೆತಿಲ್ಲ. ನೆನಪಿದ್ದೂ ಕಲಿಸಿದೆ. ಅಕ್ಕನಿಗೆ ಬಾಯಿ ಬಿಡಬೇಡ ಎಂದು ಆಣೆ ಹಾಕಿದ್ದೆ, ಅವಳ ಮೇಲೆ ಸಿಟ್ಟಾಗಬೇಡಿ. ಇನ್ನೊಂದು ಮಾತು. ಮುನಿಶಾಮಣ್ಣ, ಆಂಜಣ್ಣ ಇಬ್ಬರೂ ಬಣ್ಣ ಹಚ್ಚಿ ಒಂದೇ ರಂಗದ ಮೇಲೆ ನಿಂತರು. ಕನ್ನಡಕ ಒರೆಸಿಕೊಂಡು ಈ ಸಾಲನ್ನು ಇನ್ನೊಮ್ಮೆ ಓದುತ್ತೀರಿ ಎಂದು ಗೊತ್ತು. ಓದಿ, ಸರಿಯಾಗಿಯೇ ಬರೆದಿದ್ದೇನೆ.

ಆ ವರ್ಷ ಆದದ್ದನ್ನು ನಿಮಗೆ ಹೇಳುವ ಅಗತ್ಯವಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನೀವು ಕಂಡದ್ದು ಒಂದು ಕಡೆಯಿಂದ ಮಾತ್ರ. ಮೇಲಿನ ಬೀದಿಯಲ್ಲಿ ಇಟ್ಟಿಗೆ ಗೂಡಿನ ಮುನಿಶಾಮಣ್ಣ, ಕೆಳಗಿನ ಬೀದಿಯಲ್ಲಿ ರೇಷ್ಮೆ ಹುಳು ಸಾಕುವ ಆಂಜಣ್ಣ. ಒಬ್ಬನ ತಾಯಿ ಇನ್ನೊಬ್ಬನ ತಂದೆಯ ಒಡಹುಟ್ಟು, ಬಾಯ್ತುಂಬ ಬಾವಾ ಬಾವಾ ಎಂದು ಕೂಗಿಕೊಂಡು ಬೆಳೆದವರು. ಇಬ್ಬರಿಗೂ ಬೇಕಾಗಿದ್ದು ನಮ್ಮ ಪೌರಾಣಿಕ ನಾಟಕದಲ್ಲಿ ಗದೆ ಹೊತ್ತು ಬರುವ ರಾಜನ ಪಾತ್ರ. ನೀವು ಇನ್ನೂ ಯಾರಿಗೆಂದು ತೀರ್ಮಾನ ಮಾಡಿರಲಿಲ್ಲ. ಆ ಸಂಜೆ ಮುನಿಶಾಮಣ್ಣ ಬಂದವನೇ, "ಪಾತ್ರ ಆಂಜಿಗೆ ಕೊಟ್ಟಾಗೈತಂತೆ, ನನ್ನ ಗಂಟ್ಲು ಸಾಲದಂತೆ" ಎಂದು ಎಲ್ಲರೆದುರು ಕೂಗಾಡಿದ. ಯಾರು ಹೇಳಿದ್ದು ಎಂದು ನೀವು ಕೇಳಿದಿರಿ. ಅವನು ಬಾಯಿ ಬಿಡಲಿಲ್ಲ. ಪಾತ್ರ ಕಿತ್ತುಕೊಳ್ಳುವುದಕ್ಕೆ ಇವನೇ ಸುಳ್ಳು ಹುಟ್ಟಿಸಿದ್ದಾನೆ ಎಂದ ಆಂಜಣ್ಣ. ಕೈ ಕೈ ಮಿಲಾಯಿಸಿದರು. ಹಿಂದಿನಿಂದ ಯಾರೋ, "ಮೇಷ್ಟ್ರು ಪಾತ್ರ ಮಾರ್ಕೊಂಡವ್ರೆ" ಎಂದರು. ಆ ಮಾತಿಗೇ ನೀವು ಪುಸ್ತಕ ಮುಚ್ಚಿದ್ದು. ತಿಂಗಳೊಳಗೆ ಅಮ್ಮನನ್ನೂ ಕರೆದುಕೊಂಡು ಅಕ್ಕನ ಮನೆಗೆ ಹೊರಟಿರಿ. ಅವತ್ತಿನಿಂದ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಹಾಲಿನ ಡೇರಿಯಲ್ಲಿ ಸಹ ಒಬ್ಬ ಅಳೆಸಿಕೊಂಡು ಹೋಗುವ ತನಕ ಇನ್ನೊಬ್ಬ ಆಚೆ ನಿಂತಿರುತ್ತಿದ್ದ.

ನವೆಂಬರಿನಲ್ಲಿ ಹೆಡ್ ಮೇಡಂ ವಾಣಿಶ್ರೀ ಅವರು ಮನೆಗೆ ಬಂದು, ಶತಮಾನೋತ್ಸವಕ್ಕೆ ಊರವರಿಂದಲೇ ಒಂದು ನಾಟಕ ಆಗಬೇಕು, ನೀವು ಕಲಿಸಿ ಎಂದರು. ಆಗಲಿ ಎಂದೆ. ಮಾತು ಹೊರಗೆ ಬಿದ್ದ ಮರುದಿನವೇ ಬೆಳಗ್ಗೆ ಮುನಿಶಾಮಣ್ಣ ಬಂದ, ಸಂಜೆ ಆಂಜಣ್ಣ ಬಂದ. ಇಬ್ಬರೂ ಕೇಳಿದ್ದು ಅದೇ ಗದೆಯ ಪಾತ್ರ. ಇಬ್ಬರಿಗೂ ಅದೇ ಉತ್ತರ ಕೊಟ್ಟೆ, ಆ ನಾಟಕ ಆಡುತ್ತಿಲ್ಲ. ಹಾಗಾದರೆ ಯಾವುದು ಎಂದರು. ನನ್ನ ಬಾಯಲ್ಲಿ ಬಂದದ್ದು ಚೀನಾ. ಅದು ಆ ಗಳಿಗೆಯ ಮಾತೇನಲ್ಲ. ಮಾಲೂರಿನ ಕಾಲೇಜಿನಲ್ಲಿ ಪ್ರತಿ ವರ್ಷ ನಾನು ಚೀನಾದ ಮೊದಲ ಚಕ್ರವರ್ತಿಯವರೆಗೆ ಪಾಠ ಮಾಡುತ್ತೇನೆ, ಅಲ್ಲಿಗೆ ಪಠ್ಯ ಮುಗಿಯುತ್ತದೆ. ಅವನು ಸತ್ತ ಮೇಲೆ ಏನಾಯಿತು ಮೇಡಂ ಎಂದು ಒಂದು ಹುಡುಗಿ ಕೇಳಿದಳು. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಲೈಬ್ರರಿಯಲ್ಲಿ ಕೂತು ಓದಿದೆ. ಓದುತ್ತಾ ಓದುತ್ತಾ ಪುಟದಲ್ಲಿ ರಂಗ ಕಟ್ಟಿದ ಹಾಗೆ ಕಾಣತೊಡಗಿತು. ನಿಮ್ಮ ಮಗಳಲ್ಲವೇ.

ಡೇರಿಯ ಜಗಲಿಯ ಮೇಲೆ, ಹಾಲು ಅಳೆಸಲು ನಿಂತವರ ಮುಂದೆ ಆ ಕಥೆ ಹೇಳಿದೆ. ಬೇಕೆಂದೇ ಅಲ್ಲಿ ಹೇಳಿದೆ, ಅಲ್ಲಿಗೆ ಇಬ್ಬರೂ ಬರಲೇಬೇಕು. ಎರಡು ಸಾವಿರದ ಇನ್ನೂರು ವರ್ಷದ ಹಿಂದಿನ ಮಾತು. ಚೀನಾವನ್ನೆಲ್ಲ ಒಂದೇ ಮುಷ್ಟಿಯಲ್ಲಿ ಹಿಡಿದಿದ್ದ ಚಕ್ರವರ್ತಿ ಸತ್ತ. ಅವನ ಬಿಗಿಗೆ ಬೇಸತ್ತಿದ್ದ ಸೀಮೆ ಸೀಮೆಯೂ ದಂಗೆಯೆದ್ದಿತು. ಎದ್ದ ದಂಡನಾಯಕರಲ್ಲಿ ಇಬ್ಬರು ಎಲ್ಲರಿಗಿಂತ ಮೇಲೆ ಬಂದರು. ಒಬ್ಬ ಶಿಯಾಂಗ್ ಯೂ. ಚೂ ಎಂಬ ಸೀಮೆಯ ಸೇನಾಪತಿಗಳ ಮನೆತನ, ದಂಗೆಗೆ ಇಳಿದಾಗ ಇಪ್ಪತ್ತನಾಲ್ಕು ವರ್ಷ, ಕಂಚಿನ ದೊಡ್ಡ ಹಂಡೆಯನ್ನು ಒಬ್ಬನೇ ಎತ್ತುವಂಥ ರಟ್ಟೆ. ಇನ್ನೊಬ್ಬ ಲಿಯು ಬಾಂಗ್. ರೈತರ ಮನೆಯಲ್ಲಿ ಹುಟ್ಟಿ ಹಳ್ಳಿ ಕಡೆಯ ಸಣ್ಣ ಅಧಿಕಾರಿಯಾಗಿದ್ದವನು. ಕುಡಿತ ಉಂಟು, ಹರಟೆ ಉಂಟು, ಆದರೆ ಜನ ಯಾಕೋ ಅವನ ಹಿಂದೆಯೇ ಹೋಗುತ್ತಿದ್ದರು. ಇಬ್ಬರೂ ಮೊದಲು ಒಂದೇ ಪಕ್ಷ. ರಾಜಧಾನಿಯ ಸೀಮೆಗೆ ಯಾರು ಮೊದಲು ಕಾಲಿಡುತ್ತಾರೋ ಅವರಿಗೇ ಆ ಸೀಮೆ ಎಂದು ಅವರ ರಾಜ ಮಾತು ಕೊಟ್ಟಿದ್ದ. ಶಿಯಾಂಗ್ ಯೂ ಶತ್ರುವಿನ ಮುಖ್ಯ ಸೈನ್ಯವನ್ನು ತಡೆದು ಕಾದಾಡುತ್ತಿದ್ದಾಗ ಲಿಯು ಬಾಂಗ್ ಇನ್ನೊಂದು ದಾರಿಯಲ್ಲಿ ಹೋಗಿ ಮೊದಲು ಕಾಲಿಟ್ಟುಬಿಟ್ಟ.

ಇಷ್ಟು ಹೇಳುವಾಗಲೇ ಆಂಜಣ್ಣ ನನ್ನ ಕಡೆ ತಿರುಗಿ, "ಅದು ಬುದ್ಧಿ ಕಣಮ್ಮಾ" ಎಂದ. ಮುನಿಶಾಮಣ್ಣ ಆ ಕಡೆಯ ಕಂಬಕ್ಕೆ ಒರಗಿಕೊಂಡೇ, "ಬಡಿದಾಡ್ದೋನು ಒಬ್ಬ, ಉಂಡೋನು ಇನ್ನೊಬ್ಬ" ಎಂದ. ಅವನೂ ಹೇಳಿದ್ದು ನನಗೇ. ಪಾತ್ರ ಹಂಚುವುದು ಆಗಲೇ ಮುಗಿದ ಹಾಗಾಯಿತು. ಹಂಡೆ ಎತ್ತಿದವನು ನಾನು ಎಂದ ಮುನಿಶಾಮಣ್ಣ. ಕೊನೆಗೆ ಗೆದ್ದವನು ಯಾರು ಎಂದು ಕೇಳಿದ ಆಂಜಣ್ಣ. ಲಿಯು ಬಾಂಗ್, ಅವನ ವಂಶ ಸುಮಾರು ನಾನೂರು ವರ್ಷ ಆಳಿತು ಎಂದೆ. "ಹಂಗಾದ್ರೆ ಅವನೇ ನಾನು" ಎಂದ. ಒಳ್ಳೆಯ ಪಾತ್ರ ತನಗೇ ಸಿಕ್ಕಿತು ಎಂದುಕೊಂಡು ಇಬ್ಬರೂ ಹಾಲಿನ ಕ್ಯಾನು ಬೀಸಿಕೊಂಡು ಹೋದರು. ಚೀನಾದವರ ಕಥೆ ನಮಗೇಕೆ ಎಂದು ಒಬ್ಬಿಬ್ಬರು ರಾಗ ಎಳೆದರು. ಅವರಿಗೆ ಉತ್ತರ ಕೊಟ್ಟವಳು ಚಿಕ್ಕಗಂಗಮ್ಮಜ್ಜಿ. ಎಂಬತ್ತಾದರೂ ನಾಟಿಗೆ, ಕಳೆಗೆ ಹಾಡು ಎತ್ತುವವಳು ಇವತ್ತಿಗೂ ಅವಳೇ. "ಯಾವ ದೇಸದೋರಾದ್ರೇನು, ಜಗಳ ನಮ್ಮೂರಿಂದಂಗೇ ಐತೆ" ಎಂದಳು. ಶಿಯಾಂಗ್ ಯೂ ಅವಳ ಬಾಯಲ್ಲಿ ಸಿಂಗಯ್ಯನಾದ. ವಾರದಲ್ಲಿ ಊರಿಗೆಲ್ಲ ಸಿಂಗಯ್ಯನೇ.

ಎರಡು ನೋಟ್‌ಬುಕ್ಕಿನ ತುಂಬ ಬರೆದೆ. ಮಾತು ನನ್ನವು, ಹಾಡಿನ ಮಟ್ಟುಗಳು ನಿಮ್ಮವು. ಚಿಕ್ಕಂದಿನಲ್ಲಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡವು. ಡಿಸೆಂಬರಿನಿಂದ ದಿನಾ ಸಂಜೆ ಐದೂವರೆಗೆ ಶಾಲೆಯ ಜಗಲಿಯಲ್ಲಿ ಅಭ್ಯಾಸ. ಗಂಡಸರು ನನ್ನ ಮಾತು ಕೇಳುತ್ತಾರೋ ಇಲ್ಲವೋ ಎಂಬ ಅಳುಕು ಮೂರು ದಿನವಿತ್ತು. ನಾಲ್ಕನೆಯ ದಿನ ತಾಳ ತಪ್ಪಿದ ಆಂಜಣ್ಣನಿಗೆ ನಿಮ್ಮ ಹಾಗೆಯೇ ಬೆತ್ತದಿಂದ ಬೆಂಚು ಕುಟ್ಟಿ, "ಇನ್ನೊಂದ್ಸಲ" ಎಂದೆ. ಅವನು ಮರುಮಾತಾಡದೆ ಮೊದಲಿನಿಂದ ಹಾಡಿದ. ಆಮೇಲೆ ಅಳುಕು ಬರಲಿಲ್ಲ. ವಿಚಿತ್ರವೇನೆಂದರೆ, ಅವರಿಬ್ಬರೂ ಒಬ್ಬರೊಡನೊಬ್ಬರು ಆಡುತ್ತಿದ್ದದ್ದು ಪುಸ್ತಕದಲ್ಲಿದ್ದ ಮಾತು ಮಾತ್ರ. ರಂಗದಲ್ಲಿ ಸೇನಾಪತಿ, ಮಹಾರಾಜ ಎನ್ನುವರು. ನೀರಿನ ಚೊಂಬು ಬೇಕಾದರೆ ಕದಿರೇಶನ ಕೈಲಿ ಕೇಳಿಸುವರು.

ಇನ್ನು ಹೋಂಗ್‌ಮೆನ್ ಎಂಬಲ್ಲಿ ನಡೆಯುವ ಔತಣದ ದೃಶ್ಯಕ್ಕೆ ಬರುತ್ತೇನೆ. ಲಿಯು ಬಾಂಗ್ ಮೊದಲು ನುಗ್ಗಿದ್ದು ತಿಳಿದು ಶಿಯಾಂಗ್ ಯೂ ಉರಿದೇಳುತ್ತಾನೆ. ಇವನ ಕಡೆ ನಾಲ್ಕು ಲಕ್ಷ ಸೈನ್ಯ, ಅವನ ಕಡೆ ಒಂದು ಲಕ್ಷ. ಬೆಳಗಾದರೆ ಅವನನ್ನು ಅರೆದುಬಿಡುತ್ತೇನೆ ಎನ್ನುತ್ತಾನೆ. ಲಿಯು ಬಾಂಗ್ ನೂರು ಜನ ಸವಾರರನ್ನು ಮಾತ್ರ ಕಟ್ಟಿಕೊಂಡು ತಾನೇ ಆ ಪಾಳೆಯಕ್ಕೆ ಬಂದು ಕೈಮುಗಿದು ನಿಲ್ಲುತ್ತಾನೆ. ಔತಣಕ್ಕೆ ಕೂರಿಸುತ್ತಾರೆ. ಶಿಯಾಂಗ್ ಯೂವಿನ ಮುದಿ ಮಂತ್ರಿ, ಈಗಲೇ ಮುಗಿಸಿಬಿಡು ಎಂದು ಸೊಂಟದ ಪಚ್ಚೆಯ ಆಭರಣವನ್ನು ಮೂರು ಸಲ ಎತ್ತಿ ಸನ್ನೆ ಮಾಡುತ್ತಾನೆ. ಈ ಮಂತ್ರಿ ನಿಮ್ಮ ಅಳಿಯ. ಪಚ್ಚೆಯ ಬದಲು ನನ್ನ ಹಸಿರು ಗಾಜಿನ ಬಳೆ ಎತ್ತುತ್ತಿದ್ದ. ಶಿಯಾಂಗ್ ಯೂ ನೋಡಿಯೂ ನೋಡದವನ ಹಾಗೆ ಕೂತಿರುತ್ತಾನೆ. ಕತ್ತಿಯ ಅಳತೆಯಲ್ಲಿದ್ದ ಶತ್ರು ಬಹಿರ್ದೆಸೆಯ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾನೆ. ಅವತ್ತು ಕೊಲ್ಲದೆ ಬಿಟ್ಟದ್ದಕ್ಕೆ ಮುಂದಿನ ನಾಲ್ಕು ವರ್ಷ ಯುದ್ಧ.

ಆ ದೃಶ್ಯದಲ್ಲಿ ಲಿಯು ಬಾಂಗ್ ಹೇಳುವ ಒಂದು ಮಾತಿದೆ. ನಾನು ಹುಟ್ಟಿಸಿದ್ದಲ್ಲ, ಹಳೆಯ ಚರಿತ್ರೆಕಾರರು ಹಾಗೆಯೇ ಬರೆದಿಟ್ಟಿದ್ದಾರೆ. "ನಾವಿಬ್ಬರೂ ಭುಜಕ್ಕೆ ಭುಜ ಕೊಟ್ಟು ಕಾದಿದವರು. ಯಾರೋ ಅಲ್ಪರು ಚಾಡಿ ಹೇಳಿ ನಮ್ಮಿಬ್ಬರ ನಡುವೆ ಬಿರುಕು ತಂದರು." ಅದಕ್ಕೆ ಶಿಯಾಂಗ್ ಯೂ ಮುಚ್ಚಿಟ್ಟುಕೊಳ್ಳಲಾಗದೆ ಚಾಡಿ ಹೇಳಿದವನ ಹೆಸರನ್ನು ಹೇಳಿಬಿಡುತ್ತಾನೆ. ಮೊದಲ ದಿನ ಆಂಜಣ್ಣ ತನ್ನ ಮಾತು ಮುಗಿಸಿದ. ಮುನಿಶಾಮಣ್ಣ ಸುಮ್ಮನೆ ನಿಂತ. ಚೀನಾದ ಹೆಸರು, ನಾಲಿಗೆ ತಿರುಗುತ್ತಿಲ್ಲ ಎಂದುಕೊಂಡೆವು. ಎರಡನೆಯ ದಿನವೂ ಅಲ್ಲಿಗೇ ನಿಂತ. ಮೂರನೆಯ ದಿನ ನಿಂತಾಗ ಆಂಜಣ್ಣ ಕತ್ತಿ ಕೆಳಗಿಳಿಸಿ, ಪುಸ್ತಕದಲ್ಲಿಲ್ಲದ ಮಾತು ಆಡಿದ. "ಹೇಳೋ. ಯಾರು ಹೇಳಿದ್ದು?" ಒಂಬತ್ತು ವರ್ಷದಲ್ಲಿ ಅವನು ಬಾವನ ಜೊತೆ ಆಡಿದ ಮೊದಲ ಮಾತು ಅದು. ಕೇಳಿದ್ದು ಚೀನಾದವನ ಹೆಸರನ್ನಲ್ಲ ಎಂದು ಜಗಲಿಯ ಮೇಲಿದ್ದ ಎಲ್ಲರಿಗೂ ಗೊತ್ತಾಯಿತು. ಮುನಿಶಾಮಣ್ಣ ನೆಲ ನೋಡಿದ. ಆಮೇಲೆ ಒಂದು ಕ್ಷಣ ನನ್ನ ಮುಖ ನೋಡಿ, "ಹೆಸ್ರು ಬಾಯಿಗೆ ಬರ್ತಾ ಇಲ್ಲ ಬಿಡು" ಎಂದ.

ಅಪ್ಪಾ, ಇಲ್ಲಿಂದ ನಿಧಾನವಾಗಿ ಓದಿ. ಆ ಹೆಸರು ನನ್ನದು.

ಆಗ ನನಗೆ ಇಪ್ಪತ್ತೈದು. ನಿಮ್ಮ ಪಕ್ಕ ಕೂರಿಸಿಕೊಂಡು ನಾಟಕ ಕಲಿಸುವುದನ್ನು ನನಗೂ ಹೇಳಿಕೊಡಿ ಎಂದು ಅಭ್ಯಾಸದ ಹೊತ್ತಿನಲ್ಲಿ ಬಂದು ಕೇಳಿದ್ದೆ. ನೀವು ನಕ್ಕು, "ಹೆಣ್ಣುಮಗಳು ಗಂಡಸ್ರಿಗೆ ಕುಣಿಯಾದು ಕಲಿಸ್ತಾಳಾ? ಹೋಗಿ ಅವರೆಕಾಳು ಹಿಸುಕು ಹೋಗು" ಎಂದಿರಿ. ಇಡೀ ಜಗಲಿ ನಕ್ಕಿತು. ನಿಮಗೆ ಅದು ನೆನಪಿರಲಾರದು. ಅವತ್ತು ರಾತ್ರಿ ಊಟಕ್ಕೆ ಕೂತಾಗ ನೀವು ಅಮ್ಮನಿಗೆ, ಮುನಿಶಾಮಿ ಗಂಟಲು ಯಾಕೋ ಸಾಲದು, ಆಂಜಿಗೆ ಕೊಟ್ಟರೆ ಹೇಗೆ ಎಂದಿರಿ. ಮರುದಿನ ಟೇಕಲ್ ಸ್ಟೇಷನ್ನಿನ ಹತ್ತಿರ ಮುನಿಶಾಮಣ್ಣ ಬೈಕು ನಿಲ್ಲಿಸಿ, ಮೇಷ್ಟ್ರು ಏನಂದರಮ್ಮಾ ಎಂದು ಕೇಳಿದ. "ಆಂಜಣ್ಣಂಗೆ ಕೊಟ್ಟಾಯ್ತು. ನಿಮ್ಮ ಗಂಟ್ಲು ಸಾಲದಂತೆ" ಎಂದೆ. ನಿಮ್ಮ ಬಾಯಲ್ಲಿ 'ಕೊಟ್ಟರೆ ಹೇಗೆ' ಎಂದಿದ್ದದ್ದು ನನ್ನ ಬಾಯಲ್ಲಿ 'ಕೊಟ್ಟಾಯ್ತು' ಆಯಿತು. ಬಾಯಿ ತಪ್ಪಿದ್ದಲ್ಲ. ನಿಮ್ಮ ನಾಟಕ ಕೆಡಲಿ ಎಂದೇ ಹೇಳಿದೆ. ಇಷ್ಟು ಕೆಡುತ್ತದೆ ಎಂದು ತಿಳಿದಿರಲಿಲ್ಲ, ಅಷ್ಟೇ. ಅಂದು ಸಂಜೆ ಎಲ್ಲರೂ ಯಾರು ಹೇಳಿದ್ದು ಯಾರು ಹೇಳಿದ್ದು ಎಂದು ಕೇಳುತ್ತಿದ್ದಾಗ ನಾನು ಅಲ್ಲೇ ಬಾಗಿಲ ಹಿಂದೆ ನಿಂತಿದ್ದೆ.

ಈ ಸಲ ಬಾಗಿಲ ಹಿಂದೆ ನಿಲ್ಲಲಿಲ್ಲ. ನೋಟ್‌ಬುಕ್ ಮುಚ್ಚಿ ಬೆಂಚಿನ ಮೇಲಿಟ್ಟು, "ಆಂಜಣ್ಣಾ, ಹೇಳಿದ್ದು ನಾನು" ಎಂದೆ. ಈಗ ನಿಮಗೆ ಬರೆದಷ್ಟನ್ನೂ ಅಲ್ಲಿದ್ದ ಹದಿನಾಲ್ಕು ಜನರೆದುರು ಹೇಳಿದೆ. ಕದಿರೇಶನಿಗೂ ಅದು ಅವತ್ತೇ ತಿಳಿದದ್ದು, ಬಳೆ ಹ್ಯಾಗೆ ಹಿಡಿದಿದ್ದನೋ ಹಾಗೇ ನಿಂತಿದ್ದ. ಆಂಜಣ್ಣ ಮರದ ಕತ್ತಿಯನ್ನು ಗೋಡೆಗೆ ಒರಗಿಸಿ, ಚಪ್ಪಲಿ ಮೆಟ್ಟಿ ಹೊರಟುಹೋದ. ಮುನಿಶಾಮಣ್ಣ ತಲೆಗೆ ಕೈಹೊತ್ತು ಕೂತ. "ಯಾಕಮ್ಮಾ ಬಾಯಿ ಬಿಟ್ಟೆ? ಮೇಷ್ಟ್ರ ಮಗಳ ಹೆಸ್ರು ಬೀದಿಗೆ ಬರಬಾರ್ದು ಅಂತ ಒಂಬತ್ತು ವರ್ಷ ನುಂಗ್ಕೊಂಡಿದ್ದೆ ನಾನು. ಇನ್ನ ನಾಟಕ ಆದಂಗೇ" ಎಂದ. ನಾಟಕ ಆಗುತ್ತದೆ, ನಾಳೆ ಐದೂವರೆಗೆ ಬನ್ನಿ ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ. ಆದರೆ ಆ ಮಾತು ಹೊರಬಿದ್ದ ಮೇಲೆ ಮೈ ಹಗುರಾಗಿ, ಇನ್ನು ಯಾರ ಮುಂದೆ ಬೇಕಾದರೂ ನಿಲ್ಲಬಲ್ಲೆ ಎನ್ನಿಸಿದ್ದು ನಿಜ.

ಬೆಳಗ್ಗೆ ಕಾಲೇಜಿಗೆ ರಜೆ ಹಾಕಿ ಆಂಜಣ್ಣನ ಹುಳು ಮನೆಗೆ ಹೋದೆ. ಹುಳು ನಾಲ್ಕನೆಯ ಜ್ವರ ಎದ್ದು, ಪೊರೆ ಕಳಚಿ ಮೇಯುವ ಹೊತ್ತು, ಸೊಪ್ಪಿನ ಮೇಲೆ ಹುಳು ಮೇಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವನು ತಟ್ಟೆಯಿಂದ ತಟ್ಟೆಗೆ ಹಿಪ್ಪುನೇರಳೆ ಸೊಪ್ಪು ಹರಡುತ್ತಲೇ ಇದ್ದ. ನಾನೂ ಒಂದು ಮಂಕರಿ ಎತ್ತಿಕೊಂಡು ಹರಡತೊಡಗಿದೆ. ಮೂರು ಸಾಲು ಮುಗಿದ ಮೇಲೆ, "ಅವನು ಸುಳ್ಳುಗಾರ ಅಂತ ಮಾಲೂರು ಸಂತೆ ತನಕ ಸಾರ್ಕೊಂಡು ಬಂದೆ" ಎಂದ. ಯಾರಿಗೋ ಹೇಳಿದ ಹಾಗಿತ್ತು. ಇನ್ನೊಂದು ಸಾಲು. "ನಮ್ಮಕ್ಕನ ಮಗಳ ಮದುವೆಗೂ ಹೋಗ್ಲಿಲ್ಲ, ಅವನು ಬರ್ತಾನೆ ಅಂತ." ತಪ್ಪಾಯಿತು ಅಣ್ಣಾ ಎಂದೆ. ಅವನು ಮಂಕರಿಯ ತಳದ ಸೊಪ್ಪನ್ನೂ ಕೊಡವಿ ಹರಡಿದ. ಕೊನೆಗೆ ಕೈ ಒರೆಸಿಕೊಂಡು, "ಆ ಸಿಂಗಯ್ಯನ ಹೆಣದ ಮುಂದೆ ಗೆದ್ದೋನು ಅತ್ತ ಅಂತ ಡೇರಿ ಹತ್ರ ಹೇಳಿದ್ದೆ ನೀನು. ಪುಸ್ತಕದಾಗೆ ಅದು ಇಲ್ವಲ್ಲ" ಎಂದ. ನಾಟಕ ಉದ್ದವಾಗುತ್ತದೆ ಎಂದು ಬಿಟ್ಟೆ ಎಂದೆ. "ಬರಿ. ಸಾಯಂಕಾಲಕ್ಕೆ ಬೇಕು" ಎಂದ. ಮನೆಗೆ ಬಂದವಳೇ ಅಡುಗೆಗೂ ಏಳದೆ ಅದನ್ನು ಬರೆದೆ. ಐದೂವರೆಗೆ ಐದು ನಿಮಿಷ ಮೊದಲೇ ಆಂಜಣ್ಣ ಜಗಲಿಯ ಮೇಲಿದ್ದ. ಔತಣದ ದೃಶ್ಯ ಮೊದಲಿನಿಂದ ಶುರು ಮಾಡಿಸಿದೆ. ಚಾಡಿಯ ಮಾತು ಬಂದಾಗ ಮುನಿಶಾಮಣ್ಣ ಚೀನಾದವನ ಹೆಸರನ್ನು ಒಂದಕ್ಷರ ತಪ್ಪದೆ ಹೇಳಿದ.

ಭಾನುವಾರದ ವಿಷಯ ಹೇಳಿ ಮುಗಿಸುತ್ತೇನೆ, ಹಾಲು ಕಾಯಿಸುವ ಹೊತ್ತಾಯಿತು. ಕೋಲಾರದ ಡ್ರಾಮಾ ಡ್ರೆಸ್ಸಿನ ಅಂಗಡಿಯಲ್ಲಿ ಚೀನಾದ ಉಡುಪು ಎಲ್ಲಿಂದ ಬರಬೇಕು. ನಮ್ಮ ಪೌರಾಣಿಕದ ಎದೆಕವಚಗಳನ್ನೇ ತಂದು, ಕಿರೀಟ ಬಿಟ್ಟು, ಒಂದು ಸೈನ್ಯಕ್ಕೆ ಕೆಂಪು ಪಟ್ಟಿ, ಇನ್ನೊಂದಕ್ಕೆ ಕಪ್ಪು ಪಟ್ಟಿ ಕಟ್ಟಿಸಿದೆ. ಶಿಯಾಂಗ್ ಯೂವಿನ ರಾಣಿಯ ಪಾತ್ರ ವಾಣಿಶ್ರೀ ಮೇಡಂ ಅವರೇ ಹಾಕಿದರು. ಇಳಿಹೊತ್ತಿಗೆ ತೆರೆ ಎದ್ದಾಗ ಅಂಗಳ ತುಂಬಿ ಕಾಂಪೌಂಡಿನ ಮೇಲೂ ಜನ ಕೂತಿದ್ದರು, ಮಾಸ್ತಿ, ಲಕ್ಕೂರು ಕಡೆಯವರೂ ಬಂದಿದ್ದರು. ಮೇಲಿನ ಬೀದಿಯವರು ಎಡಕ್ಕೆ, ಕೆಳಗಿನ ಬೀದಿಯವರು ಬಲಕ್ಕೆ, ಯಾರೂ ಹೇಳದೆಯೇ ಬೇರೆ ಬೇರೆ ಕೂತಿದ್ದರು. ಔತಣದ ದೃಶ್ಯಕ್ಕೆ ಇಬ್ಬರೂ ಎದುರುಬದುರು ಕೂತಾಗ ಕಾಂಪೌಂಡಿನ ಮೇಲಿದ್ದವರು ಸಹ ಇಳಿದು ಮುಂದೆ ಬಂದರು. ನಾಲ್ಕು ವರ್ಷದ ಯುದ್ಧವನ್ನು ಹಾಡಿನಲ್ಲಿ ದಾಟಿಸಿ, ಕೊನೆಯ ಕಾಳಗ ನಡೆದ ಗೈಶಿಯಾಕ್ಕೆ ಬಂದೆವು.

ಗೈಶಿಯಾದಲ್ಲಿ ಶಿಯಾಂಗ್ ಯೂವಿನ ಸೈನ್ಯಕ್ಕೆ ಮುತ್ತಿಗೆ ಬಿದ್ದಿದೆ, ಕಾಳು ಮುಗಿದಿದೆ. ಆಗ ಶತ್ರು ಪಾಳೆಯದ ನಾಲ್ಕೂ ದಿಕ್ಕಿನಿಂದ ಅವನ ಸ್ವಂತ ಸೀಮೆಯ ಹಾಡು ಕೇಳಿಬರುತ್ತದೆ. ಆ ಹಾಡಿಗೆ ನಾನು ಚಿಕ್ಕಗಂಗಮ್ಮಜ್ಜಿಯನ್ನೂ ಅವಳ ನಾಟಿಯ ಹೆಂಗಸರನ್ನೂ ಜನರ ನಡುವೆಯೇ ನಾಲ್ಕು ಮೂಲೆಗೆ ಕೂರಿಸಿದ್ದೆ, ಯಾರಿಗೂ ಹೇಳಿರಲಿಲ್ಲ. ರಂಗದ ದೀಪ ತಗ್ಗಿತು. ಒಂದು ಮೂಲೆಯಿಂದ ಅಜ್ಜಿ ತೆಲುಗಿನಲ್ಲಿ ಎತ್ತಿದಳು, "ಏಟಿ ಅವತಲ ಮಾ ಊರು, ಎವರು ಪಿಲಿಚಿನಾರು ನಾ ಪೇರು". ಹೊಳೆಯಾಚೆ ನಮ್ಮೂರು, ನನ್ನ ಹೆಸರು ಹಿಡಿದು ಕೂಗಿದವರು ಯಾರು. ಇನ್ನೊಂದು ಮೂಲೆ ಅದನ್ನು ಹಿಡಿಯಿತು, ಆಮೇಲೆ ಇನ್ನೆರಡು. ಜನ ತಿರುಗಿ ತಿರುಗಿ ನೋಡಿದರು, ಪಕ್ಕದಲ್ಲಿ ಕೂತವಳೇ ಹಾಡುತ್ತಿದ್ದಾಳೆ. ಎಡಕ್ಕೆ ಕೂತವರೂ ಬಲಕ್ಕೆ ಕೂತವರೂ ತಾವೂ ದನಿಗೂಡಿಸಿದರು, ನಾಟಿ ಗದ್ದೆಯಲ್ಲಿ ಆ ಹಾಡು ಹೇಳದ ಮನೆ ನಮ್ಮ ಕಡೆ ಯಾವುದಿದೆ. ಮುನಿಶಾಮಣ್ಣ ರಂಗದ ಅಂಚಿಗೆ ಬಂದು ಕತ್ತಲಿಗೆ ಕಿವಿಗೊಟ್ಟು ನಿಂತ. "ನನ್ನ ಸೀಮೆಯನ್ನೆಲ್ಲ ಅವರು ಗೆದ್ದುಬಿಟ್ಟರೇ? ಅವರ ಕಡೆ ನನ್ನವರು ಇಷ್ಟೊಂದು ಜನವೇ?" ಎಂಬುದು ಅವನ ಮಾತು. ಆ ಮಾತಿಗೆ ಗಂಟಲು ಒಡೆಯಿತು. ಅಪ್ಪಾ, ಆ ಗಂಟಲು ಸಾಲುತ್ತದೆ. ಚಿಕ್ಕಗಂಗಮ್ಮಜ್ಜಿ ತಾನು ಪಾತ್ರಧಾರಿ ಎಂಬುದನ್ನೇ ಮರೆತು, "ಸಿಂಗಯ್ಯಾ, ಮನೆಗೆ ಬಾರಪ್ಪಾ" ಎಂದು ಕೂಗಿದಳು. ಯಾರೂ ನಗಲಿಲ್ಲ.

ರಾಣಿ ಸಾಯುತ್ತಾಳೆ, ಸವಾರರು ಒಬ್ಬೊಬ್ಬರಾಗಿ ಬೀಳುತ್ತಾರೆ. ಶಿಯಾಂಗ್ ಯೂ ನದಿಯ ದಡಕ್ಕೆ ಬರುತ್ತಾನೆ. ದೋಣಿಯವನು ಕೈಮುಗಿದು, ಹತ್ತಿ ಸ್ವಾಮಿ, ಆಚೆ ದಡದಲ್ಲಿ ನಿಮ್ಮ ಸೀಮೆ ಇದೆ, ಇನ್ನೂ ಆಳಬಹುದು ಎನ್ನುತ್ತಾನೆ. "ಎಂಟು ಸಾವಿರ ಮಕ್ಕಳನ್ನು ಕರೆದುಕೊಂಡು ಈ ನದಿ ದಾಟಿದೆ. ಒಬ್ಬನೂ ಹಿಂದಿರುಗುತ್ತಿಲ್ಲ. ಅವರ ತಂದೆಯರಿಗೆ ಯಾವ ಮುಖ ತೋರಿಸಲಿ?" ಎಂದು ಕುದುರೆಯನ್ನು ದೋಣಿಯವನಿಗೆ ಕೊಟ್ಟು, ತಿರುಗಿ ನಿಂತು ಕಾದಾಡಿ, ತನ್ನ ಕತ್ತಿಯಿಂದ ತಾನೇ ಸಾಯುತ್ತಾನೆ. ಆಂಜಣ್ಣ ಬಂದ. ಅವನಿಗಾಗಿ ನಾನು ಬರೆದ ಒಂದು ಪುಟದ ಮಾತಿತ್ತು, ಬಾಯಿಪಾಠ ಮಾಡಿದ್ದ. ಬಂದು ಹೆಣದ ಪಕ್ಕ ಕುಕ್ಕರುಗಾಲಲ್ಲಿ ಕೂತ. ನಾನು ಪರದೆಯ ಹಿಂದಿನಿಂದ ಮೊದಲ ಸಾಲನ್ನು ಎರಡು ಸಲ ಹೇಳಿಕೊಟ್ಟೆ. ಅವನು ಅದನ್ನು ಬಿಟ್ಟು, "ಇನ್ನ ನಾನು ಯಾರ ಜತೆ ಜಗಳ ಆಡ್ಲಿ ಬಾವಾ" ಎಂದ. ಸತ್ತು ಮಲಗಿದ್ದ ಮುನಿಶಾಮಣ್ಣನ ಕವಚ ಮೇಲೆ ಕೆಳಗೆ ಅಲುಗತೊಡಗಿತು, ನಗುವೋ ಅಳುವೋ. ಅದು ಜನಕ್ಕೆ ಕಾಣುವ ಮುಂಚೆ ಕದಿರೇಶನಿಗೆ ತೆರೆ ಎಳೆಯಲು ಹೇಳಿದೆ.

ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ನಿನ್ನೆ ಡೇರಿಯಲ್ಲಿ ಇಬ್ಬರಿಗೂ ಜೋರು ಮಾತಾಯಿತು, ಜನ ಅತ್ತದ್ದು ಯಾರ ಪಾತ್ರಕ್ಕೆ ಎಂದು. ಹೊಡೆದಾಡುವ ಹಾಗೆ ಕೂಗಾಡಿ, ಒಂದೇ ಬೈಕಿನಲ್ಲಿ ಟೇಕಲ್‌ಗೆ ಹೋದರು. ಮೇಷ್ಟ್ರು ಪಾತ್ರ ಮಾರಿಕೊಂಡರು ಎಂದು ಅವತ್ತು ಅಂದವನು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಹುಡುಕುವುದೂ ಇಲ್ಲ. ಆ ಮಾತು ಸುಳ್ಳೆಂದು ಊರಿಗೆಲ್ಲ ಈಗ ತಿಳಿದಿದೆ, ಸುಳ್ಳಿನ ಬೇರು ಯಾರ ಮನೆಯಲ್ಲಿತ್ತೆಂದೂ ತಿಳಿದಿದೆ. ಬೀದಿಯಲ್ಲಿ ನಡೆಯುವಾಗ ಕೆಲವರು ನನ್ನನ್ನು ಬೇರೆ ಥರ ನೋಡುತ್ತಾರೆ. ನೋಡಲಿ. ನಾನೂ ಅವರನ್ನು ನೇರವಾಗಿಯೇ ನೋಡುತ್ತೇನೆ. ನಿಮ್ಮ ಕಣ್ಣನ್ನು ಹಾಗೆ ನೋಡುವುದೊಂದು ಬಾಕಿ ಇದೆ.

ಅಮ್ಮನಿಗೆ ಇದನ್ನೆಲ್ಲ ಬಿಡದೆ ಓದಿ ಹೇಳಿ, ಅವರೆಕಾಳಿನ ಮಾತನ್ನೂ. ಅಕ್ಕ ಬಾವನಿಗೆ ನಮಸ್ಕಾರ, ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಒಂದೊಂದು ಚಿವುಟು. ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡಿ.

ನಿಮ್ಮ ಮಗಳು,
ಮಾನಸ

ಮರೆತೆ: ಕವರು ಅಂಟಿಸುವಾಗ ಮುಳಬಾಗಿಲ ಕಡೆಯಿಂದ ನಾಲ್ಕು ಜನ ಬಂದರು. ಭಾನುವಾರದ ನಾಟಕ ನೋಡಿದವರಂತೆ. ಮೇ ತಿಂಗಳಲ್ಲಿ ಅವರೂರಿನಲ್ಲಿ ಗದೆಯ ನಾಟಕ ಆಗಬೇಕು, ಮೇಷ್ಟ್ರು ಯಾರು ಎಂದರು. ನಾನೇ ಎಂದೆ. ತಾಂಬೂಲ ತೆಗೆದುಕೊಂಡಿದ್ದೇನೆ, ನನ್ನ ಹೆಸರಿನಲ್ಲೇ. ಆದರೆ ಅದರ ಕೊನೆಯ ಹನ್ನೊಂದು ಹಾಡುಗಳ ಮಟ್ಟು ಬಾಗಿಲ ಹಿಂದಿನಿಂದ ಕೇಳಿ ನನಗೆ ಪೂರ್ತಿ ಬಂದಿಲ್ಲ, ಅವು ನಿಮ್ಮೊಬ್ಬರಿಗೇ ಗೊತ್ತು. ಕಿವಿ ಹೋದರೇನು, ಗಂಟಲು ಇದೆಯಲ್ಲ. ಬರುವ ಭಾನುವಾರ ಬೆಳಗಿನ ರೈಲಿಗೆ ಕುಪ್ಪಂಗೆ ಬರ್ತೀನಿ, ನಿಮ್ಮ ಪಕ್ಕದಲ್ಲೇ ಕೂತು ಕಲಿಯೋದಕ್ಕೆ. ಕಲಿಸಲ್ಲ ಅನ್ನೋದಾದ್ರೆ ಕಾಗದದಲ್ಲಿ ಬರೀಬೇಡಿ ಅಪ್ಪಾ, ನನ್ನ ಮುಖ ನೋಡಿ ಹೇಳಿ.